ಗಿಡ್ಡ ಮೋಟಾರು ತವರಿಗೆ ಹೋದದ್ದು

ಕೆಲವರಿಗೆ ಹಾಡು ಹುಟ್ಟಿನಿಂದಲೇ ಬರುತ್ತದೆ, ಕೆಲವರಿಗೆ ಈಜು. ನನಗೆ ಬಂದದ್ದು ಚಿಂತೆ. ಮನೆಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಬೀಗ ಬಿದ್ದಿದೆಯೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವ ಜಾತಿಯವನು ನಾನು. ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ನನ್ನ ಹೆಂಡತಿ ನೀಲಮ್ಮ ಬಾಗಿಲು ಮುಚ್ಚುವುದೇ ಇಲ್ಲ. "ಇನ್ನೊಮ್ಮೆ ಬರ್ತಾರ, ಆಮ್ಯಾಲ ಮುಚ್ಚಿದ್ರಾತು" ಎಂದು ಒಳಗೆ ತನ್ನ ಕೆಲಸ ನೋಡುತ್ತಾಳೆ. ಬಸವಕಲ್ಯಾಣದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಗಣಿತದವರಿಗೆ ಅನುಮಾನವೇ ಇರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ, ಉತ್ತರ ತಾಳೆ ನೋಡಿ, ಮನೆಗೆ ಬಂದು ಉಣ್ಣಲು ಕೂತಾಗ ಮೊದಲ ತುತ್ತಿಗೆ "ಕೂಡಿಸಬೇಕಾದಲ್ಲಿ ಕಳೆದೆನೇನೋ?" ಎಂದು ಎದೆ ಝಲ್ಲೆಂದು, ಎಂಜಲ ಕೈಯಲ್ಲೇ ಶಾಲೆಗೆ ಓಡಿದ್ದು ಉಂಟು. ಇಂಥವನ ಹಣೆಗೆ ದೇವರು ಒಂದು ರೇಸಿನ ಕಾರು ಬರೆದ.

ಬರೆದದ್ದು ದೇವರು, ಕೊಟ್ಟದ್ದು ಮಾವ. ನಾರಾಯಣಪುರದ ನನ್ನ ಮಾವ ನಿಜಾಮರ ಕಾಲದಲ್ಲಿ ಒಬ್ಬ ಜಾಗೀರದಾರರ ಮೋಟಾರು ನಡೆಸುತ್ತಿದ್ದರು. ಆ ಜಾಗೀರದಾರರು ಷೋಕಿ ಮನುಷ್ಯ. ವಿಲಾಯತಿಯಿಂದ ಹಡಗಿನಲ್ಲಿ ಒಂದು ಕೆಂಪು ಕಾರು ತರಿಸಿದ್ದರು. ಎರಡೇ ಸೀಟು, ಮೇಲೆ ಛಾವಣಿ ಇಲ್ಲ, ಸೈಕಲ್ಲಿನ ಹಾಗೆ ತಂತಿ ಬಿಗಿದ ಗಾಲಿಗಳು, ಮೊಸಳೆಯ ಹಾಗೆ ಉದ್ದಕ್ಕೆ ಚಾಚಿದ ಮೂತಿ. ಅದರಲ್ಲಿ ಕೂತರೆ ಕುಂಡಿ ರಸ್ತೆಗೆ ತಾಗುತ್ತದೋ ಎನ್ನುವಷ್ಟು ಕೆಳಗೆ. ಸುತ್ತಲಿನ ಊರವರು ಅದಕ್ಕೆ ಇಟ್ಟ ಹೆಸರು ಗಿಡ್ಡ ಮೋಟಾರು. ಕಾಲ ತಿರುಗಿತು, ಜಾಗೀರು ಹೋಯಿತು, ಜಾಗೀರದಾರರು ಹೈದರಾಬಾದಿನ ಕಡೆ ಹೊರಟರು. ಹೊರಡುವಾಗ ಗಿಡ್ಡ ಮೋಟಾರನ್ನು ಮಾವನ ಕೈಗೆ ಒಪ್ಪಿಸಿ, "ಇದನ್ನ ನೀನೇ ಜ್ವಾಕಿ ಮಾಡು" ಎಂದರಂತೆ. ಮಾವ ಅದನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಎತ್ತಿಗೆ ಒಮ್ಮೆ ಕೈಯಾಡಿಸಿದರೆ ಅದಕ್ಕೂ ಒಮ್ಮೆ ಕೈಯಾಡಿಸುತ್ತ ವರ್ಷಗಳನ್ನು ಕಳೆದರು. ಸೀಟಿನಲ್ಲಿ ಕೋಳಿ ಕಾವು ಕೂತವು. ಹಾಗೆ ನೋಡಿದರೆ ಆ ಸೀಟಿನಲ್ಲಿ ಮರಿ ಮಾಡಿದ ಕೋಳಿಗೆ ಇದ್ದ ಹಕ್ಕು ನನ್ನ ಹೆಂಡತಿಗೆ ಇರಲಿಲ್ಲ. ಚಿಕ್ಕವಳಿದ್ದಾಗ ಅವಳು ದಿನಾ ಅಪ್ಪ ಮೋಟಾರು ಒರೆಸುವುದನ್ನು ನೋಡುತ್ತ ನಿಲ್ಲುತ್ತಿದ್ದಳಂತೆ. "ಅಪ್ಪಾ, ಒಮ್ಮೆ ಕೂಡಸು" ಎಂದರೆ ಮಾವ, "ಆ ಸೀಟು ದೊರೀದವ್ವಾ, ನಮ್ಮದಲ್ಲ" ಎನ್ನುತ್ತಿದ್ದರಂತೆ. ದೊರೆ ಹೋದ ಮೇಲೂ ಅವರಿಗೆ ಆ ಸೀಟು ದೊರೆಯದ್ದೇ.

ವಯಸ್ಸಾಗಿ ಮಾವನ ಕಣ್ಣು ಪೂರ್ತಿ ಹೋದವು. ಆ ವರ್ಷ ನಾಗರ ಪಂಚಮಿಗೆ ನಾವು ನಾರಾಯಣಪುರಕ್ಕೆ ಹೋದಾಗ ಗಂಡುಮಕ್ಕಳು ಮೋಟಾರನ್ನು ಗುಜರಿಗೆ ಹಾಕುವ ಮಾತು ತೆಗೆದಿದ್ದರು. ಮಾವ ಕಟ್ಟೆಯ ಮೇಲೆ ಕೂತೇ ತೀರ್ಪು ಕೊಟ್ಟರು. "ಹೊಲಾ ನಿಮಗ, ಎತ್ತು ನಿಮಗ. ಮೋಟಾರ ನನ್ನ ಮಗಳಿಗೆ." ಆಮೇಲೆ ಗಾಳಿಯಲ್ಲಿ ಕೈಯಾಡಿಸಿ ನನ್ನ ತೋಳು ಹಿಡಿದು, "ಮಾಸ್ತರ, ಕಣ್ಣಂತೂ ಹೋದುವು. ಕಿವಿ ಇರೂತನಕ ಒಮ್ಮೆ ಅದರ ದನಿ ಕೇಳಸ್ರಿ. ಬರೂ ಪಂಚಮಿಗೆ ನೀಲಾ ಅದರಾಗೇ ತವರಿಗೆ ಬರಲಿ" ಎಂದರು. ನಾನು ಹೂಂ ಅಂದೆ. ನನಗೆ ಹೂಂ ಅನ್ನುವ ಧೈರ್ಯ ಇತ್ತೆಂದಲ್ಲ, ಊಹೂಂ ಅನ್ನುವ ಧೈರ್ಯ ಇರಲಿಲ್ಲ.

ಮರುದಿನ ಗಿಡ್ಡ ಮೋಟಾರು ಮನೆ ಬಿಟ್ಟಿತು. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೇ ಕಳಿಸಿದರು. ಮೂತಿಗೆ ಕುಂಕುಮ, ದೀಪಗಳಿಗೆ ಅರಿಶಿನ, ಕೊರಳಿದ್ದಿರಬಹುದಾದಲ್ಲಿ ಒಂದು ಹೂವಿನ ಹಾರ. ಮುಂದೆ ಎತ್ತುಗಳನ್ನು ಕಟ್ಟಿದ್ದರು. ನೀಲಮ್ಮ ಅಪ್ಪನ ಕೈ ಹಿಡಿದು ಅಳುತ್ತಿದ್ದಳು. ನಾನು ಹಗ್ಗ ಹರಿದರೆ ಎತ್ತುಗಳ ಗತಿಯೇನು, ಹರಿಯದಿದ್ದರೆ ನನ್ನ ಗತಿಯೇನು ಎಂದು ಗಂಟುಗಳನ್ನು ಪರೀಕ್ಷಿಸುತ್ತಿದ್ದೆ. ಹಿಂದುಗಡೆ ಅತ್ತೆ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಏನೋ ಹಾಡುತ್ತಿದ್ದದ್ದು ಕೇಳಿಸಿತು. ಹೆಂಗಸರ ಶಾಸ್ತ್ರ, ನಮಗೇಕೆ ಎಂದು ತಿರುಗಿಯೂ ನೋಡಲಿಲ್ಲ. ಜೀವನದಲ್ಲಿ ನಾನು ತಿರುಗಿ ನೋಡದೆ ಬಿಟ್ಟದ್ದು ಅದೊಂದೇ.

ಬಸವಕಲ್ಯಾಣದ ನಮ್ಮ ಮನೆಯ ಮುಂದೆ ಮೋಟಾರು ಬಂದು ನಿಂತ ಕೂಡಲೇ ಓಣಿಯ ಮಕ್ಕಳೆಲ್ಲ ಇರುವೆಯ ಹಾಗೆ ಮುತ್ತಿದವು. ಹಿಂದೆ ಪೆಟ್ರೋಲು ಹಾಕುವ ಬಾಯಿಗೆ ಒಂದು ಮುಚ್ಚಳ ಇತ್ತು. ಒಬ್ಬ ಅದನ್ನು ತಿರುಗಿಸಿ ನೋಡುತ್ತಿದ್ದ. ನನ್ನ ಜೀವ ಬಾಯಿಗೆ ಬಂತು. ಈ ಪೋರರು ಇದರೊಳಗೆ ಕಲ್ಲು ಹಾಕಿದರೆ? ಮಣ್ಣು ತುಂಬಿದರೆ? ಅವತ್ತು ಸಂಜೆಯೊಳಗೆ ಕಮ್ಮಾರನನ್ನು ಕರೆಸಿ ಮುಚ್ಚಳಕ್ಕೆ ಅಡ್ಡಪಟ್ಟಿ ಬಡಿಸಿ, ದೊಡ್ಡದೊಂದು ಬೀಗ ಹಾಕಿಸಿ, ಬೀಗದಕೈಯನ್ನು ಉಡದಾರಕ್ಕೆ ಕಟ್ಟಿಕೊಂಡೆ. ಉಳಿದ ಮೋಟಾರಿಗೆ ಬಾಗಿಲು ಸಹ ನೆಟ್ಟಗೆ ಇರಲಿಲ್ಲ, ಪೆಟ್ರೋಲಿನ ಟಾಕಿಗೆ ಮಾತ್ರ ಖಜಾನೆಯ ಭದ್ರತೆ.

ಬಸವಕಲ್ಯಾಣದಲ್ಲಿ ಇಂಥ ಮೋಟಾರು ಬಿಚ್ಚುವವರು ಇರಲಿಲ್ಲ. ಹುಮನಾಬಾದಿನಲ್ಲಿ ಇದ್ದರು. ಹೈದರಾಬಾದಿನಿಂದ ಬೊಂಬಾಯಿಗೆ ಹೋಗುವ ಲಾರಿಗಳೆಲ್ಲ ಹುಮನಾಬಾದಿನ ಮೇಲೆ ಹಾಯಬೇಕು, ಹಾಯುವಾಗ ಒಂದಷ್ಟು ಲಾರಿಗಳು ಅಲ್ಲೇ ಕೆಡಬೇಕು. ಕೆಟ್ಟ ಲಾರಿಗಳನ್ನು ನಂಬಿ ಅಲ್ಲಿ ಮಹಬೂಬ್ ಮಿಸ್ತ್ರಿ ಒಂದು ಗ್ಯಾರೇಜು ಇಟ್ಟಿದ್ದ. ಒಂದು ಲಾರಿಯ ಹಿಂದೆ ಗಿಡ್ಡ ಮೋಟಾರನ್ನು ಹಗ್ಗ ಹಾಕಿ ಕಟ್ಟಿ, ಸ್ಟೇರಿಂಗ್ ಹಿಡಿಯಲು ನನ್ನನ್ನೇ ಕೂರಿಸಿದರು. ಹುಮನಾಬಾದು ಮುಟ್ಟುವವರೆಗೆ ನಾನು ನೋಡಿದ ಜಗತ್ತೆಂದರೆ ಲಾರಿಯ ಹಿಂದಿನ ಹಲಗೆ ಮಾತ್ರ. ಮಿಸ್ತ್ರಿ ಮೋಟಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ ಎತ್ತಿ, ಒಳಗಿದ್ದ ಹಕ್ಕಿಗೂಡನ್ನು ಹಗುರಾಗಿ ತೆಗೆದು ಗೋಡೆಯ ಮೇಲಿಟ್ಟು, "ಮಾಸ್ತರ್ ಸಾಬ್, ಇಂಜನ್ ಅಂದ್ರ ಮನಶ್ಯಾ ಇದ್ದಂಗ. ಬಾಯಿಗೆ ಊಟ ಹೋಗಬೇಕು, ಹಿಂದ ಹೊಗಿ ಬರಬೇಕು. ನಡುವಿಂದು ನಾ ನೋಡ್ತೀನಿ, ಸಾಮಾನು ನೀವ್ ತರ್ರಿ" ಎಂದ.

ಸಾಮಾನು ತರುವುದು! ಅದಕ್ಕೆ ಹುಮನಾಬಾದಿನಲ್ಲಿ ಒಂದು ಪದ್ಧತಿ ಇತ್ತು. ಸವೆದ ಸಾಮಾನಿಗೆ ಬಟ್ಟೆಯ ಚಿಂದಿ ಕಟ್ಟಿ, ಹೆದ್ದಾರಿಯ ಚಹಾದಂಗಡಿಯಲ್ಲಿ ಚಹಾ ಕುಡಿಯುತ್ತಿರುವ ಲಾರಿ ಡ್ರೈವರನ ಕೈಗೆ ನಮೂನೆ ಅಂತ ಕೊಡಬೇಕು. ಅವನು ಬೊಂಬಾಯಿಯ ಗುಜರಿ ಬಜಾರಿನಲ್ಲೋ ಹೈದರಾಬಾದಿನಲ್ಲೋ ಅದರ ಜೋಡಿ ಹುಡುಕಿ, ತಿರುಗಿ ಬರುವಾಗ ಅದೇ ಚಹಾದಂಗಡಿಯಲ್ಲಿ ಇಟ್ಟು ಹೋಗಬೇಕು. ಎಲ್ಲರಿಗೂ ಇದು ಸರಳ. ನನಗೆ ಮಾತ್ರ ಮಗುವನ್ನು ಜಾತ್ರೆಯಲ್ಲಿ ಬಿಟ್ಟು ಬಂದ ಹಾಗೆ. ಅವನು ಕಳೆದರೆ? ಮರೆತರೆ? ಅವನ ಲಾರಿಯೇ ಕೆಟ್ಟರೆ? ಮೊದಲ ಸಲ ಡೈನಮೋ ಕೊಟ್ಟಾಗ ಸೊಲ್ಲಾಪುರದ ಡ್ರೈವರನಿಗೆ ಇಷ್ಟು ಸೂಚನೆ ಕೊಟ್ಟೆನೆಂದರೆ ಅವನು ಕಿಡಕಿಯಿಂದ ತಲೆ ಹೊರಗೆ ಹಾಕಿ, "ಮಾಸ್ತರ, ನೀವೂ ಹತ್ತಿ ಕೂಡ್ರಲಾ, ಅದರ ಜೋಡಿ" ಎಂದ. ಶಾಲೆಗೆ ರಜೆ ಇರುವ ದಿನವೆಲ್ಲ ಬಸ್ಸು ಹತ್ತಿ ಹುಮನಾಬಾದಿಗೆ ಬಂದು ಚಹಾದಂಗಡಿಯಲ್ಲಿ ಕೂಡುತ್ತಿದ್ದೆ. ಕೆಲವೊಮ್ಮೆ ಸಾಮಾನು ಬರುತ್ತಿತ್ತು, ಕೆಲವೊಮ್ಮೆ ಸಾಮಾನಿನ ಹಾಗೆ ಕಾಣುವ ಬೇರೆ ಏನೋ ಬರುತ್ತಿತ್ತು. ಒಮ್ಮೆ ಪೆಟ್ರೋಲ್ ಪಂಪಿನ ನಮೂನೆಗೆ ಯಾವುದೋ ಹೊಲಿಗೆ ಯಂತ್ರದ ಅಂಗ ಬಂದು, ನೀಲಮ್ಮ ಅದನ್ನು ಬಹಳ ಹೊತ್ತು ಹಿಡಿದು ನೋಡಿ, "ಇದಕ್ಕ ತಕ್ಕ ಮಿಷನ್ ಒಂದು ತರಸಿಬಿಡ್ರಿ" ಎಂದಳು. ನಟ್ಟು ಬೋಲ್ಟುಗಳಂತೂ ನಮ್ಮೂರಿನ ಬೀಗರ ಹಾಗೆ. ಎರಡು ಸುತ್ತು ಸರಾಗವಾಗಿ ಹೋಗಿ, ಮೂರನೆಯದಕ್ಕೆ ಮುನಿದು ನಿಲ್ಲುತ್ತಿದ್ದವು. ವಿಲಾಯತಿಯ ಬೋಲ್ಟಿಗೆ ನಮ್ಮ ನಟ್ಟು ಸರಿಬರಲಿಲ್ಲ.

ಸಾಮಾನು ಸಿಗದಿದ್ದರೂ ಸಲಹೆಗೆ ಬರ ಇರಲಿಲ್ಲ. ಗಾಲಿಯ ತಂತಿಗಳ ಬಗ್ಗೆ ಸೈಕಲ್ ಅಂಗಡಿಯವನು, ಸೀಟಿನ ಬಗ್ಗೆ ಗಾದಿ ಹೊಲಿಯುವವನು, ಎಂಜಿನ್ನಿನ ಬಗ್ಗೆ ಪಕ್ಕದ ಹಿಟ್ಟಿನ ಗಿರಣಿಯ ಬಂಡೆಪ್ಪ. "ನನ್ನ ಗಿರಣೀದೂ ಇಂಜನ್ನೇ ಅಲ್ಲೇನ್ರಿ? ಅದು ನಿಂತು ಓಡ್ತದ, ಇದು ಓಡಿ ನಿಲ್ತದ. ಅಷ್ಟೇ ಫರಕ್" ಎನ್ನುತ್ತಿದ್ದ. ಮಾಣಿಕನಗರದ ಅಜ್ಜ ಒಬ್ಬರು ತೆಂಗಿನಕಾಯಿ ಒಡೆಸಲು ಹೇಳಿದರು. ಅದೊಂದೇ ಸಲಹೆಗೆ ಬೊಂಬಾಯಿಯಿಂದ ಏನೂ ತರಿಸಬೇಕಿರಲಿಲ್ಲ, ಆದ್ದರಿಂದ ಕೂಡಲೇ ಪಾಲಿಸಿದೆ.

ಹೀಗೆ ಒಂದು ಪಂಚಮಿ ಹೋಯಿತು, ಎರಡು ಹೋದವು, ಇನ್ನೂ ಹೋದವು. ಪ್ರತಿ ಪಂಚಮಿಗೂ ನಾವು ಬಸ್ಸಿನಲ್ಲೇ ನಾರಾಯಣಪುರಕ್ಕೆ ಹೋಗುವುದು, ಮಾವ ಕಟ್ಟೆಯ ಮೇಲೆ ಕತ್ತು ಎತ್ತಿ ಕೂತು, "ದನಿ ಬಂತೇನ್ರಿ?" ಎಂದು ಕೇಳುವುದು. "ಮುಂದಿನ ವರ್ಷ ಬರ್ತದ್ರಿ ಮಾವಾರ" ಎಂದು ನಾನು ಹೇಳುವುದು. ಮೊದಲ ವರ್ಷ ಇದನ್ನು ಮೆಲ್ಲಗೆ ಹೇಳಿದ್ದೆ. ಮರುವರ್ಷ ಸ್ವಲ್ಪ ಗಟ್ಟಿಯಾಗಿ. ಆಮೇಲಿನ ವರ್ಷ ಕಿವಿಯ ಹತ್ತಿರ ಬಾಗಿ. ಅದರ ಮುಂದಿನ ವರ್ಷ ನಾನು ಕೂಗಿದ ಕೂಗಿಗೆ ಜೋಕಾಲಿಯಲ್ಲಿದ್ದ ಹುಡುಗಿಯರು ಹೆದರಿ ಇಳಿದರು, ಮಾವ ಮಾತ್ರ "ಆಂ?" ಎಂದರು. ಆವತ್ತು ತಿರುಗಿ ಬರುವಾಗ ಬಸ್ಸಿನಲ್ಲಿ ನೀಲಮ್ಮ ಕಿಡಕಿಯ ಕಡೆ ಮುಖ ಮಾಡಿ ಕೂತಿದ್ದಳು. "ಕಿವಿ ಇರೂತನಕ ಅಂದಿದ್ದ ಅಪ್ಪ" ಎಂದಳು. ಅಷ್ಟೇ. ನಾನು ಜೀವಮಾನದಲ್ಲಿ ಮಾಡಿದ ಚಿಂತೆಗಳೆಲ್ಲ ಅಂದು ನಾಚಿ ಪಕ್ಕಕ್ಕೆ ಸರಿದು ನಿಂತವು. ಇದೊಂದು ನಿಜವಾದ ಚಿಂತೆ.

ಆ ವರ್ಷ ಹಟ ಹಿಡಿದೆ. ಮಿಸ್ತ್ರಿಯ ಹಳೆಯ ಜೀಪಿನಲ್ಲಿ ಮೋಟಾರು ನಡೆಸುವುದನ್ನೂ ಕಲಿತೆ. ಕ್ಷಿತಿಜದಲ್ಲಿ ಎಮ್ಮೆ ಕಂಡರೆ ಇಲ್ಲಿಂದಲೇ ಬ್ರೇಕು ಒತ್ತುತ್ತಿದ್ದೆನಾದರೂ ಲೈಸೆನ್ಸು ಸಿಕ್ಕಿತು. ಆ ಎಮ್ಮೆಗಳು ಇಂದಿಗೂ ಕ್ಷೇಮ. ಪಂಚಮಿಗೆ ಇನ್ನೊಂದು ವಾರವಿದೆ ಎನ್ನುವಾಗ ಮಿಸ್ತ್ರಿ ಎಂಜಿನ್ನಿಗೆ ಒಂದು ಡಬ್ಬಿಯಿಂದ ನೇರ ನಳಿಗೆ ಜೋಡಿಸಿ, ಪೆಟ್ರೋಲು ಹನಿಸಿ, ಹ್ಯಾಂಡಲ್ ಹೊಡೆದ. ಗಿಡ್ಡ ಮೋಟಾರು ಒಮ್ಮೆ ಸೀನಿತು, ಇನ್ನೊಮ್ಮೆ ಸೀನಿತು, ಆಮೇಲೆ ಗುಡುಗಿತು. ಚಹಾದಂಗಡಿಯಲ್ಲಿದ್ದವರೆಲ್ಲ ಎದ್ದು ಬಂದರು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದು ಹೇಳಿದೆ.

ಡಬ್ಬಿ ತೆಗೆದು ಟಾಕಿಯ ನಳಿಗೆ ಜೋಡಿಸಿದೆವು. ನಾನು ಉಡದಾರದ ಬೀಗದಕೈ ತೆಗೆದು, ಮುಚ್ಚಳ ಇಷ್ಟೇ ಇಷ್ಟು ಎತ್ತಿ, ಲಾಳಿಕೆ ಇಟ್ಟು ಪೆಟ್ರೋಲು ಹಾಕಿಸಿ, ಮತ್ತೆ ಬೀಗ ಜಡಿದೆ. ಮೋಟಾರು ಹೊರಟಿತು. ಮಾಣಿಕನಗರ ಇನ್ನೂ ಬರುವುದರೊಳಗೆ ಎರಡು ಸಲ ಬಿಕ್ಕಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಹ್ಯಾಂಡಲ್ ಹೊಡೆದರೆ ಏನೂ ಆಗೇ ಇಲ್ಲವೆಂಬಂತೆ ಎದ್ದಿತು. ಒಂದು ಫರ್ಲಾಂಗು ಹೋಗಿ ಮತ್ತೆ ನಿಂತಿತು. ಡಬ್ಬಿಯಿಂದ ಕುಡಿಸಿದರೆ ಹುಲಿ, ಟಾಕಿಯಿಂದ ಕುಡಿಸಿದರೆ ಇಲಿ. ಪಂಪು ಬಿಚ್ಚಿದರು, ಕಾರ್ಬುರೇಟರ್ ಬಿಚ್ಚಿದರು. ಕಾರ್ಬುರೇಟರಿನಲ್ಲಿ ಬೆಳ್ಳಗೆ ಏನೋ ಪುಡಿ. ಬಂಡೆಪ್ಪ ಅದನ್ನು ಬೆರಳಲ್ಲಿ ಉಜ್ಜಿ, ಮೂಸಿ, "ಇದು ಅಕ್ಕಿಹಿಟ್ಟು ಇದ್ದಂಗ ಅದಲ್ರಿ?" ಎಂದ. ಗ್ಯಾರೇಜೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಗಿರಣಿಯವನಿಗೆ ಜಗತ್ತೆಲ್ಲ ಹಿಟ್ಟೇ ಎಂದು ನಾನೂ ನಕ್ಕೆ. ಮಿಸ್ತ್ರಿ ಮಾತ್ರ ಒಮ್ಮೆ ಕೇಳಿದ. "ಮಾಸ್ತರ್ ಸಾಬ್, ಟಾಕಿ ಒಳಗ ಏನರೆ ಬಿದ್ದದೇನು? ಇಳಿಸಿ ನೋಡೂಣ?" ನನಗೆ ಸಿಟ್ಟೇ ಬಂತು. ಬೀಗದಕೈ ಎತ್ತಿ ತೋರಿಸಿ, "ಮೋಟಾರು ನಮ್ಮ ಮನೀಗೆ ಬಂದ ದಿನದಿಂದ ಇದು ನನ್ನ ನಡುವಿನ ಮ್ಯಾಲೆ ಅದ. ಆ ಟಾಕಿಯೊಳಗ ಒಂದು ಕಾಳು ಹೋಗಿದ್ರ ನನ್ನ ಹೆಸರು ಬದಲಿ ಇಡು" ಎಂದೆ. ಕಾಳು ಎಂಬ ಮಾತು ನನ್ನ ಬಾಯಲ್ಲಿ ಯಾಕೆ ಬಂತೋ, ಶಿವನೇ ಬಲ್ಲ.

ಪಂಚಮಿ ಬಂದೇ ಬಿಟ್ಟಿತು. ಬಸ್ಸಿನಲ್ಲಿ ಹೋದೆವು. ಮಾವ ಕಟ್ಟೆಯ ಮೇಲೆ ಕೂತಿದ್ದರು. ಈ ಸಲ ಅವರು ಏನೂ ಕೇಳಲಿಲ್ಲ. ನಮ್ಮ ಉತ್ತರ ಕೇಳಿಸುವುದಿಲ್ಲ ಎಂದು ಅವರಿಗೆ ಗೊತ್ತಾಗಿತ್ತೇನೋ. ಅತ್ತೆ ಶೇಂಗಾ ಉಂಡಿ, ಎಳ್ಳುಂಡಿ ತಟ್ಟೆಯಲ್ಲಿ ಹಾಕಿ ತಂದಿಟ್ಟು ಎದುರು ಕೂತರು.

"ಮೋಟಾರ ಈ ಸಲಾನೂ ಬರಲಿಲ್ಲೇನ್ರಿ ಮಾಸ್ತರ?"

"ಜೀವ ಬಂದದ್ರಿ ಅತ್ತಿಯವರ. ಆದ್ರ ಹಾದ್ಯಾಗ ನಿಲ್ತದ. ಎಂಥೆಂಥವರು ನೋಡಿದ್ರು, ಯಾಕ ನಿಲ್ತದ ತಿಳೀವಲ್ದು."

"ನಿಲ್ಲಲಾರದ ಏನ್ ಮಾಡ್ತದ? ಉಡಿ ಅಕ್ಕಿ ಅಡಗಿ ಮಾಡಿ ಉಂಡಿರೋ ಇಲ್ಲೋ?"

"ನೀಲಾನ ಉಡೀದು? ಊರಿಗೆ ಹೋದ ದಿನಾನೇ ಉಂಡ್ವಿ."

"ನೀಲಾಂದಲ್ರೀ. ಮೋಟಾರದು."

ನನ್ನ ಕೈಯಲ್ಲಿದ್ದ ಉಂಡಿ ಕೈಯಲ್ಲೇ ಉಳಿಯಿತು.

"ಮನೀ ಹೆಣ್ಣು ಹೊಂಟಿತ್ತು, ಬರೇ ಉಡೀಲೆ ಹ್ಯಾಂಗ ಕಳಸೋದು?" ಅತ್ತೆ ನನಗೆ ಏನೂ ತಿಳಿಯುವುದಿಲ್ಲ ಎನ್ನುವ ದನಿಯಲ್ಲಿ ವಿವರಿಸಿದರು. "ಅದಕ್ಕ ಸೆರಗು ಅದನ, ಮಡಿಲು ಅದನ? ಹುಡಿಕಿ ಹುಡಿಕಿ ಹಿಂದ ಒಂದು ಮುಚ್ಚಳ ಸಿಕ್ತು. ತೆಗದು ನೋಡಿದ್ವಿ, ಒಳಗ ಖಾಲಿ. ಐದು ಮಂದಿ ಮುತ್ತೈದೇರು ಒಂದೊಂದು ಬೊಗಸಿ ಅಕ್ಕಿ ಹಾಕಿದ್ವಿ, ಅರಿಶಿಣ ಕೊಂಬು, ಉತ್ತತ್ತಿ, ಅಡಕಿ ಹಾಕಿದ್ವಿ. ಕೊಬ್ಬರಿ ಗಿಟಕ ಒಂದು ಬಾಯಿಗೆ ಹಿಡೀಲಿಲ್ಲ, ಅದನ್ನ ನಿಮ್ಮ ಚೀಲದಾಗ ಇಟ್ಟೆ. ಗಂಡನ ಮನ್ಯಾಗ ಉಡಿ ಅಕ್ಕಿ ಬೇಯಲಿಲ್ಲ ಅಂದ್ರ ಹೆಣ್ಣಿಗೆ ಕಾಲು ನಿಲ್ತಾವೇನ್ರಿ? ಅದಕ್ಕೇ ಅದು ಹಾದ್ಯಾಗ ಕೂಡಾಕತ್ತದ."

ಆ ಕೊಬ್ಬರಿ ಗಿಟಕ ನನಗೆ ನೆನಪಿತ್ತು. ಕಮ್ಮಾರ ಬೀಗ ಬಡಿಯುತ್ತಿದ್ದಾಗ ಎದುರು ನಿಂತು ಒಡೆದು ತಿಂದದ್ದು ಅದನ್ನೇ. ನೀಲಮ್ಮ ನನ್ನ ಮುಖ ನೋಡಿದಳು, ನನ್ನ ನಡುವಿನ ಕಡೆ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಒರಗಿ ಕೂತುಬಿಟ್ಟಳು. ಅಳುತ್ತಿದ್ದಾಳೆಂದು ಗಾಬರಿಯಾಗಿ ಹತ್ತಿರ ಹೋದೆ. ಉಸಿರು ಸಿಕ್ಕ ಮೇಲೆ, "ಏನ್ರೀ, ಅದನ್ನ ಇಷ್ಟು ವರ್ಷ ಕಾಯ್ಕೋತ ಕುಂತಿದ್ರಿ?" ಎಂದಳು. ಕಳ್ಳನನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ, ಊರಿಗೆಲ್ಲ ಕಳ್ಳನನ್ನು ಹುಡುಕಲು ಹೇಳಿದವನು ನಾನು.

ಮರುದಿನ ಬೆಳಿಗ್ಗೆ ಹುಮನಾಬಾದಿನಲ್ಲಿ ಮಿಸ್ತ್ರಿ ಟಾಕಿ ಇಳಿಸಿ ಬೋರಲು ಹಾಕಿದ. ಅಕ್ಕಿ ಬಂತು. ಪುಡಿಯಾದದ್ದು, ಆಗದೆ ಉಳಿದದ್ದು. ಅರಿಶಿನ ಕೊಂಬು ಬಂತು. ಉತ್ತತ್ತಿಗಳು ಒಂದೊಂದಾಗಿ ಉರುಳಿದವು. ಕೊನೆಗೆ ಅಡಕೆ ಠಣ್ ಎಂದು ಬಿತ್ತು. ಬಂಡೆಪ್ಪ ಬಗ್ಗಿ ಒಂದು ಚಿಟಿಕೆ ಪುಡಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. ಮಿಸ್ತ್ರಿ ಬೀಗವನ್ನು ಅತ್ತ ಇತ್ತ ತಿರುವಿ ನೋಡಿ, ಒರೆಸಿ ನನ್ನ ಕೈಗಿತ್ತ. "ಮಾಸ್ತರ್ ಸಾಬ್, ತಾಳಾ ಭಾಳ ಭೇಷ್ ಅದ" ಎಂದ.

ಟಾಕಿ ತೊಳೆದು ಕೂರಿಸಿ ಅದೇ ಬೀಗ ಜಡಿದ ಗಿಡ್ಡ ಮೋಟಾರು ಹುಮನಾಬಾದು ಬಿಟ್ಟ ಮೇಲೆ ಎಲ್ಲೂ ನಿಲ್ಲಲಿಲ್ಲ. ನಿಲ್ಲಿಸಿದ್ದು ನಾನೇ, ಎಮ್ಮೆಗಳಿಗಾಗಿ. ಬಸವಕಲ್ಯಾಣದಲ್ಲಿ ಕಾಯುತ್ತಿದ್ದ ನೀಲಮ್ಮನನ್ನು ಹತ್ತಿಸಿಕೊಂಡು ನಾರಾಯಣಪುರದ ಹಾದಿ ಹಿಡಿದೆ. ಮನೆಯ ಮುಂದೆ ನಿಲ್ಲಿಸಿ, ಎಂಜಿನ್ ಆರಿಸದೆ, ಎಕ್ಸಿಲೇಟರು ಒತ್ತಿ ಗುಡುಗಿಸಿದೆ. ಊರಿಗೆ ಊರೇ ಹೊರಗೆ ಬಂತು. ಕಟ್ಟೆಯ ಮೇಲಿದ್ದ ಮಾವ ಅಲ್ಲಾಡಲಿಲ್ಲ. ಮತ್ತೆ ಒತ್ತಿದೆ. ಮರದ ಮೇಲಿನ ಕಾಗೆಗಳು ಹಾರಿಹೋದವು. ಮಾವನ ಮುಖ ಹಾಗೇ, ಎತ್ತಲೋ ನೋಡುತ್ತಿತ್ತು. ತಡವಾಯಿತು ಅಂದುಕೊಂಡೆ. ನನ್ನ ಕಾಲು ತಾನಾಗಿ ಸಡಿಲಾಯಿತು.

ನೀಲಮ್ಮ ಇಳಿದು ಹೋದಳು. ಅಪ್ಪನ ಕೈ ಹಿಡಿದು ಎಬ್ಬಿಸಿ, ಮೆಲ್ಲಗೆ ನಡೆಸಿಕೊಂಡು ಬಂದು, ಆ ಅಂಗೈಯನ್ನು ಬಿಸಿ ಬಾನೆಟ್ಟಿನ ಮೇಲೆ ಇಟ್ಟಳು. ಮಾವ ಕೈ ಹಿಂದಕ್ಕೆ ತೆಗೆಯಲಿಲ್ಲ. ಇನ್ನೊಂದು ಕೈಯನ್ನೂ ಇಟ್ಟರು. ಆಮೇಲೆ ಬಾಗಿ ಕೆನ್ನೆ ತಾಗಿಸಿ ಹಾಗೇ ನಿಂತರು. ಮೋಟಾರು ನಡುಗುತ್ತಿತ್ತೋ ಅವರು ನಡುಗುತ್ತಿದ್ದರೋ ನನಗೆ ತಿಳಿಯಲಿಲ್ಲ.

"ಉಸಿರಾಡಾಕತ್ತದ" ಎಂದರು.

ನಾನು ಇಳಿದು ಜಾಗ ಬಿಟ್ಟೆ. ಅವರು ತಡವುತ್ತ ಬಂದು ಸ್ಟೇರಿಂಗಿನ ಮುಂದೆ ಕೂತರು. ಪಕ್ಕದ ಸೀಟಿನ ಮೇಲೆ ಕೈಯಾಡಿಸಿ, ಖಾಲಿ ಇರುವುದನ್ನು ಖಾತ್ರಿ ಮಾಡಿಕೊಂಡು, ಅದರ ಮೇಲಿನ ಧೂಳನ್ನು ಧೋತರದ ಚುಂಗಿನಿಂದ ಒರೆಸಿದರು. "ಬಾರವ್ವಾ, ಕೂಡು" ಎಂದರು. ನನ್ನ ಹೆಂಡತಿಗೆ ಆಗಲೇ ಕೂದಲು ನರೆಯಲು ಶುರುವಾಗಿತ್ತು. ಮುಚ್ಚಿಕೊಂಡಿದ್ದ ಸೆರಗು ಜಾರಿದ್ದೂ ತಿಳಿಯದೆ, ಚಿಕ್ಕ ಹುಡುಗಿಯ ಹಾಗೆ ಹಾರಿ ಕೂತಳು. ಮೋಟಾರು ಎಲ್ಲಿಗೂ ಹೋಗಲಿಲ್ಲ. ಮಾವ ಸ್ಟೇರಿಂಗ್ ತಿರುಗಿಸಿದರು, ಅವಳು ಹಾರ್ನ್ ಒತ್ತಿದಳು. ಇಬ್ಬರೂ ಬಹಳ ದೂರ ಹೋಗಿ ಬಂದರು.

ಹೊರಡುವ ಹೊತ್ತಿಗೆ ಅತ್ತೆ ತಟ್ಟೆ ಹಿಡಿದು ಹೊರಗೆ ಬಂದರು. ತಟ್ಟೆಯಲ್ಲಿ ಅಕ್ಕಿ, ಅರಿಶಿನ ಕೊಂಬು, ಉತ್ತತ್ತಿ, ಅಡಕೆ. ಹಿಂದೆ ಹಾಡಿಕೊಂಡು ಮುತ್ತೈದೆಯರು. ಮೆರವಣಿಗೆ ನೀಲಮ್ಮನನ್ನು ದಾಟಿ ನೆಟ್ಟಗೆ ಮೋಟಾರಿನ ಹಿಂಭಾಗಕ್ಕೆ ನಡೆಯಿತು. ತವರಿಗೆ ಬಂದ ಹೆಣ್ಣು ಬರಿ ಉಡಿಯಲ್ಲಿ ಹೋಗಬಾರದಲ್ಲ. ಬೇಡವೆಂದರೆ ಅಪಶಕುನ, ಬೇಕೆಂದರೆ ಮತ್ತೆ ಬೊಂಬಾಯಿ. ನಾನು ಓಡಿಹೋಗಿ ಮುಚ್ಚಳಕ್ಕೆ ಬೆನ್ನು ಕೊಟ್ಟು ನಿಂತೆ. ಏನು ಮಾಡುತ್ತಿದ್ದೇನೆ ಎಂದು ತಿಳಿಯುವುದರೊಳಗೆ ಹೆಗಲ ಮೇಲಿನ ಶಲ್ಯವನ್ನು ಎರಡೂ ಕೈಯಿಂದ ಒಡ್ಡಿ, "ಇದರ ಉಡಿ ನನಗ ಹಾಕ್ರಿ ಅತ್ತಿಯವರ" ಎಂದೆ.

ಹಾಡು ನಿಂತಿತು. ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಗಂಭೀರವಾಗಿ ನನ್ನ ಹಣೆಗೆ ಕುಂಕುಮ ಹಚ್ಚಿ, ಬೊಗಸೆ ಬೊಗಸೆ ಅಕ್ಕಿ ಸುರಿದರು. ಐದೂ ಜನ ಸುರಿದರು. "ಇನ್ನ ನನಗ ಇಬ್ಬರು ಹೆಣ್ಮಕ್ಕಳು ನೋಡ್ರವ್ವಾ. ಅಳಿಯ ಅಂದ್ರ ಆ ಮೋಟಾರ" ಎಂದು ಅತ್ತೆ ಹೇಳಿದಾಗ ಎದ್ದ ನಗೆ ಮಾವನಿಗೂ ಕೇಳಿಸಿತೇನೋ, ಅವರೂ ನಕ್ಕರು.

ಆವತ್ತೇ ಸಂಜೆ ಬಸವಕಲ್ಯಾಣದಲ್ಲಿ ಆ ಅಕ್ಕಿ ಬೆಂದಿತು. ನೀಲಮ್ಮ ಬಡಿಸುತ್ತ, "ಮುಂದಿನ ಪಂಚಮಿಗೆ ತವರಿಗೆ ಕಳಸಲೇನ್ರಿ ನಿಮ್ಮನ್ನ?" ಎಂದಳು. ಉತ್ತರ ಕೊಡಲು ಬಾಯಿ ತೆರೆದವನಿಗೆ ಮೊದಲ ತುತ್ತಿಗೇ ಎದೆ ಝಲ್ಲೆಂದಿತು. ಶಲ್ಯ ಒಡ್ಡಿದಾಗ ಅಂಚಿನಿಂದ ನಾಲ್ಕು ಕಾಳು ಹಿಂದಕ್ಕೆ ಚೆಲ್ಲಿದ್ದವು. ಮುಚ್ಚಳದ ಬೀಗ ಹಾಕಿದ್ದೆನೋ? ಎಂಜಲ ಕೈಯಲ್ಲೇ ಎದ್ದು ಹೊರಗೆ ಓಡಿದೆ. ಬೀಗ ಭದ್ರವಾಗಿತ್ತು. ಜಗ್ಗಿ ನೋಡಿ, ಕಟ್ಟೆ ಹತ್ತಿ, ಮತ್ತೆ ಇಳಿದು ಇನ್ನೊಮ್ಮೆ ಜಗ್ಗಿ ನೋಡಿ ಬಂದೆ. ಬಾಗಿಲು ತೆರೆದೇ ಇತ್ತು.